ವಿಕಿಪೀಡಿಯದಲ್ಲಿ ಸ್ವಯಂಸೇವಾ ಸಂಪಾದನೆ

ವಿಕಿಪೀಡಿಯ ಎಂದರೆ ಓದುಗರೇ ಬರೆದು ಓದುಗರೇ ತಿದ್ದುವ ಅಂತರಜಾಲ ವಿಶ್ವಕೋಶ. ಇಂಗ್ಲಿಷ್ ಆವೃತ್ತಿ 2001ರ ಜನವರಿ 15ರಂದು ಆರಂಭವಾಯಿತು. ಕನ್ನಡದ್ದು 2003ರಲ್ಲಿ, ತುಳುವಿನದ್ದು 2016ರಲ್ಲಿ ಬಂತು. ಇಲ್ಲಿ ಬರೆಯುವ ಸ್ವಯಂಸೇವಕರಿಗೆ ಸಂಭಾವನೆಯಿಲ್ಲ, ಲೇಖನದ ಕೆಳಗೆ ಹೆಸರೂ ಬರುವುದಿಲ್ಲ. ಯಾರು ಏನು ಸೇರಿಸಿದರು, ಏನು ತೆಗೆದರು ಎಂಬುದು ಪ್ರತಿ ಪುಟದ ‘ಇತಿಹಾಸ’ದಲ್ಲಿ ದಾಖಲಾಗಿರುತ್ತದೆ.

ತಮ್ಮ ಊರಿನ ಬಸದಿಯ ಬಗ್ಗೆ ಉತ್ಸಾಹದಿಂದ ಬರೆದು, ಮರುದಿನ ಅದನ್ನು ಯಾರೋ ಅಳಿಸಿದ್ದು ಕಂಡು ಬೇಸರದಿಂದ ಕೈಬಿಡುವವರುಂಟು. ಹೆಚ್ಚಾಗಿ ಕಾರಣ ಆಧಾರವಿಲ್ಲದಿರುವುದು. ಅಜ್ಜ ಹೇಳಿದ್ದು, ಪುರೋಹಿತರಿಂದ ಕೇಳಿದ್ದು, ನಾವೇ ಶಾಸನ ಓದಿ ಊಹಿಸಿದ್ದು ಎಷ್ಟೇ ನಿಜವಿದ್ದರೂ ಅಲ್ಲಿ ಸಲ್ಲುವುದಿಲ್ಲ. ಪ್ರಕಟವಾದ, ಬೇರೆಯವರೂ ತೆರೆದು ನೋಡಬಹುದಾದ ಮೂಲ ಬೇಕು. ಶ್ರವಣಬೆಳಗೊಳದ ಮಟ್ಟಿಗೆ ಈ ಕಷ್ಟವಿಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕ’ದ 2ನೇ ಸಂಪುಟ ಅಲ್ಲಿನ ಶಾಸನಗಳಿಗೇ ಮೀಸಲು. ಬಿ. ಎಲ್. ರೈಸ್ ಅದನ್ನು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು. ಹಳ್ಳಿಯ ಬಸದಿಗೆ ಅಂಥ ಭಾಗ್ಯವೆಲ್ಲಿ? ಜಿಲ್ಲಾ ಗೆಜೆಟಿಯರ್, ಹಳೆಯ ಪತ್ರಿಕಾ ವರದಿ, ಸಂಶೋಧನಾ ಗ್ರಂಥಗಳನ್ನು ಹುಡುಕಬೇಕು. ಜೀರ್ಣೋದ್ಧಾರದ ಸ್ಮರಣ ಸಂಚಿಕೆ ಆಡಳಿತ ಮಂಡಳಿಯದೇ ಪ್ರಕಟಣೆಯಾದ್ದರಿಂದ ಸಾದಾ ವಿವರಗಳಿಗಷ್ಟೇ ಸಾಕು. ಅದರ ಲೇಖನವನ್ನು ಹಾಗೆಯೇ ನಕಲು ಮಾಡಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ತಟಸ್ಥ ನಿಲುವು. ಮುನಿಗಳ ಹೆಸರಿನ ಹಿಂದೆ ‘ಪರಮಪೂಜ್ಯ 108’ ಎಂದು ಬರೆದರೆ ತೆಗೆದುಹಾಕುವ ಸಂಭವವೇ ಹೆಚ್ಚು. ಅದು ಅಗೌರವವಲ್ಲ, ಎಲ್ಲ ಮತಗಳ ಗುರುಗಳಿಗೂ ಅದೇ ನಿಯಮ. ನಿಜವಾದ ಪರೀಕ್ಷೆ ಬರುವುದು ನಮ್ಮ ನಮ್ಮೊಳಗೇ. ದಿಗಂಬರ ಪರಂಪರೆಯಲ್ಲಿ ಮಲ್ಲಿನಾಥ ತೀರ್ಥಂಕರರು ಪುರುಷರು, ಶ್ವೇತಾಂಬರ ಪರಂಪರೆಯಲ್ಲಿ ಸ್ತ್ರೀ. ಮಹಾವೀರರು ವಿವಾಹವಾಗಲಿಲ್ಲವೆಂದು ದಿಗಂಬರರು ನಂಬುತ್ತಾರೆ, ಯಶೋದೆಯನ್ನು ವರಿಸಿದ್ದರೆಂದು ಶ್ವೇತಾಂಬರರು. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುತ್ತ ಹೋದರೆ ಅದು ಸಂಪಾದನೆಯಲ್ಲ, ಬರೀ ಕಿತ್ತಾಟ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿಯನ್ನು ರದ್ದು ಮಾಡಿದವರ ಖಾತೆಗೆ ತಡೆ ಬೀಳಬಹುದು. ಎರಡೂ ಮಾತನ್ನು ‘ಇಂಥ ಪರಂಪರೆಯ ಪ್ರಕಾರ’ ಎಂದು ಆಧಾರಸಹಿತ ಬರೆಯುವುದೇ ಕ್ರಮ. ಅನೇಕಾಂತವಾದದ ಪ್ರವಚನ ಕೇಳುತ್ತ ಬೆಳೆದವರಿಗೆ ಇದು ಹೊಸದಲ್ಲ. ಆದರೆ ಕೀಬೋರ್ಡ್ ಮುಂದೆ ಕುಳಿತಾಗ ಮರೆತುಹೋಗುತ್ತದೆ!

ಬಸದಿಯ ಧರ್ಮದರ್ಶಿಗಳು ಅಥವಾ ಅವರ ಮನೆಯವರು ಆ ಬಸದಿಯ ಲೇಖನವನ್ನು ನೇರವಾಗಿ ತಿದ್ದದಿರುವುದು ಒಳ್ಳೆಯದು. ತಮ್ಮ ಸಂಬಂಧವನ್ನು ತಿಳಿಸಿ, ಬೇಕಾದ ಬದಲಾವಣೆಯನ್ನು ‘ಚರ್ಚೆ’ ಪುಟದಲ್ಲಿ ಬರೆದರೆ ಬೇರೆ ಸಂಪಾದಕರು ಪರಿಶೀಲಿಸಿ ಸೇರಿಸುತ್ತಾರೆ.

ಹೊಸಬರು ಖಾತೆ ತೆರೆದು, ಮೊದಲು ಪ್ರಯೋಗಪುಟದಲ್ಲಿ ಕೈ ಪಳಗಿಸಿಕೊಳ್ಳಲಿ. ಕಾಗುಣಿತ ತಿದ್ದುವುದು, ಆಧಾರವಿಲ್ಲದ ವಾಕ್ಯಕ್ಕೆ ಆಧಾರ ಒದಗಿಸುವುದು ಒಳ್ಳೆಯ ಆರಂಭ. ಸಂದೇಹವಿದ್ದರೆ ಕನ್ನಡ ವಿಕಿಪೀಡಿಯದ ‘ಅರಳಿ ಕಟ್ಟೆ’ಯಲ್ಲಿ ಕೇಳಬಹುದು. ಬರೆಯಲು ಹಿಂಜರಿಯುವವರು ಫೋಟೋ ನೀಡಬಹುದು. ಅದನ್ನು ತಾವೇ ತೆಗೆದಿರಬೇಕು, ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಬೇಕು. ಅಲ್ಲಿ ಹಾಕಿದ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಆದ್ದರಿಂದ ಗರ್ಭಗುಡಿಯ ಚಿತ್ರ ತೆಗೆಯುವ ಮುನ್ನ ಬಸದಿಯವರಿಗೆ ಇದನ್ನು ತಿಳಿಸಿ, ಒಪ್ಪಿಗೆ ಪಡೆದುಕೊಳ್ಳಿ.