ಕರೆಂಟು ಕೋಲಾರಕ್ಕೆ ಹೋಯ್ತು, ಹೊಗೆ ಅಡುಗೆಮನೇಲೇ ಉಳೀತು

ಈ ಸಲ ಬೆಳೆ ವಿಚಾರ ಬಿಟ್ಟು ಒಲೆ ವಿಚಾರ ಬರೀತೀನಿ. ಸ್ವಲ್ಪ ಉದ್ದ ಐತೆ, ಬಿಡುವಾದಾಗ ಓದಿ.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಶುರುವಾಗಿದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಅವರು ತೀರ್ಕೊಂಡ ಮೇಲೆ ಕೆಲಸ ಮುಗೀತು. ಅಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ್ರು. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. 1940ರಲ್ಲಿ ಇದೇ ತಾಲ್ಲೂಕಲ್ಲಿ ಶಿಂಷಾ ವಿದ್ಯುದಾಗಾರವೂ ಆಯ್ತು. ಆದರೆ ಆ ತಂತಿ ಕೆಳಗಿನ ಹಟ್ಟಿಗಳಲ್ಲಿ ನಮ್ಮಜ್ಜಿ, ನಮ್ಮವ್ವ ಎಲ್ಲಾ ಸೆರಗಲ್ಲಿ ಕಣ್ಣು ಒರೆಸ್ಕೊಂಡು ಊದುಗೊಳವೆ ಊದ್ತಾನೇ ಇದ್ರು. ಬಡವರ ಮನೆಗೆ ಕರೆಂಟು ಅಂತ ಬಂದಿದ್ದು ಭಾಗ್ಯಜ್ಯೋತಿ ಹೊತ್ತಿಗೆ, 1980ರ ಆಸುಪಾಸು. ಅದೂ 40 ವ್ಯಾಟಿನ ಒಂದೇ ಒಂದು ಬಲ್ಬು. ಅದರಲ್ಲಿ ಅನ್ನ ಬೇಯಲ್ಲ.

ಬಾವಿಗೆ ಪಂಪ್‌ಸೆಟ್ ಹಾಕ್ಸುವಾಗ ಹತ್ತು ಜನರನ್ನ ಕೇಳ್ತೀವಿ. ಯಾವ ಕಂಪನಿ, ಎಷ್ಟು ಎಚ್‌ಪಿ, ಸುಟ್ಟೋದ್ರೆ ವೈಂಡಿಂಗ್ ಎಲ್ಲಿ ಕಟ್ತಾರೆ ಅಂತ. ಒಲೆಗೆ ಯಾರೂ ಕೇಳ್ತಿರಲಿಲ್ಲ. ದುಡ್ಡು ಕೊಡೋನು ಒಬ್ಬ, ಹೊಗೆ ಕುಡಿಯೋಳು ಇನ್ನೊಬ್ಬಳು. ಕಥೆಯೆಲ್ಲಾ ಇಲ್ಲೇ ಇರೋದು.

ಹಳೇ ಒಲೆ ಅಂದ್ರೆ ಮಣ್ಣಿಂದು, ಮೂರು ಗುಂಡು, ಮುಂದೆ ಬಾಯಿ. ಸೌದೆಯ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಪಾತ್ರೆಗೆ ಹೋದ್ರೆ ಹೆಚ್ಚು, ಮಿಕ್ಕಿದ್ದು ಗೋಡೆಗೆ, ಗಾಳಿಗೆ. ಉರಿ ಸರಿಯಾಗಿ ಹತ್ತದೆ ಇದ್ದದ್ದೇ ಹೊಗೆ. ಅದೂ ಸುಡದೆ ಉಳಿದ ಸೌದೆನೇ ಅಲ್ವಾ? ಆದರೂ ಆ ಒಲೆ ಬಿಡದೆ ಇದ್ದದ್ದಕ್ಕೆ ಕಾರಣ ಇತ್ತು. ಒಂದು, ಏನು ಹಾಕಿದ್ರೂ ಉರಿಯುತ್ತೆ. ಕನ್ನಂಬಾಡಿ ಕಟ್ಟೆ ಆಗಿ, ನಾಲೆ ನೀರು ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆದ ಮೇಲೆ ಬಯಲ ಜಾಲಿ, ಕುರುಚಲು ಹೋಗಿ ಕಬ್ಬು, ಭತ್ತ, ತೆಂಗು ಬಂತು. ಉರುವಲೂ ಬದಲಾಯ್ತು. ಮದ್ದೂರು ಕಡೆ ತೆಂಗಿನ ಗರಿ, ಮಟ್ಟೆ, ಕರಟ. ಮಳವಳ್ಳಿ ಕಡೆ ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಎಲ್ಲಾ ಕಡೆ ಬೆರಣಿ, ಕಬ್ಬಿನ ತರಗು. ಎರಡು, ಮುದ್ದೆ. ಮುದ್ದೆ ತಿರುವೋವಾಗ ಪಾತ್ರೆ ಅಲ್ಲಾಡಬಾರದು. ಮೈಭಾರ ಎಲ್ಲಾ ಹಾಕಿ ಕೋಲು ತಿರುವಬೇಕು. ಮಣ್ಣಿನ ಒಲೆ ಅದನ್ನ ತಡೆಯುತ್ತೆ. ಮೂರು, ಒಡೆದ್ರೆ ಅವ್ವನೇ ಕೆಮ್ಮಣ್ಣು ಕಲಸಿ ಮೆತ್ತಿ ರಿಪೇರಿ ಮಾಡ್ತಿದ್ಲು. ಅಟ್ಟದ ಮೇಲಿನ ಬಿತ್ತನೆ ಬೀಜಕ್ಕೆ ಹುಳ ಬೀಳದಂಗೆ ಹೊಗೇನೂ ಒಂದು ಕೆಲಸ ಮಾಡ್ತಿತ್ತು ಅನ್ನೋದನ್ನೂ ಮರೀಬಾರದು.

ಹೊಗೆ ಇಲ್ಲದ ಒಲೆ ಹೊಸ ಯೋಚನೆ ಏನಲ್ಲ. ಹೈದರಾಬಾದಿನ ಎಸ್.ಪಿ. ರಾಜು ಅನ್ನೋ ಇಂಜಿನಿಯರ್ 1950ರ ದಶಕದಲ್ಲೇ ಅದರ ಬಗ್ಗೆ ಪುಸ್ತಕ ಬರೆದಿದ್ರು. ನಮ್ಮ ಮಗ್ಗುಲಿಗೇ ಬಂದಿದ್ದು ಮಾತ್ರ ಅಸ್ತ್ರ ಒಲೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಲಿ, ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ 1974ರಲ್ಲಿ ಹಳ್ಳಿಗೋಸ್ಕರ ಅಂತಲೇ ಅಸ್ತ್ರ ಅನ್ನೋ ವಿಭಾಗ ಶುರು ಮಾಡಿದ್ರು. ಮದ್ದೂರಿಂದ ಹುಲಿಯೂರುದುರ್ಗದ ದಾರಿ ಹಿಡಿದ್ರೆ ಸಿಗೋದು ಕುಣಿಗಲ್ ತಾಲ್ಲೂಕು. ಅಲ್ಲಿನ ಉಂಗ್ರದಲ್ಲಿ ಅವರ ಕೇಂದ್ರ. ಪಕ್ಕದ ಪುರ ಅನ್ನೋ ಊರಲ್ಲಿ ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ಸುಡ್ತಾರೆ, ಅದನ್ನ ತರೋಕೆ ಹೆಂಗಸರು ಮಕ್ಕಳು ಎಷ್ಟೊತ್ತು ಅಲೀತಾರೆ ಅಂತ ಲೆಕ್ಕ ಹಾಕಿದ್ರು. ಊರಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಅಡುಗೆಗೆ, ಸ್ನಾನದ ನೀರಿಗೇ ಹೋಗೋದು ಅಂತ ಗೊತ್ತಾಯ್ತು. ಬಲ್ಬಿಗೆ, ಪಂಪ್‌ಸೆಟ್ಟಿಗೆ ಹೋಗೋದು ಅದರ ಮುಂದೆ ಏನೇನೂ ಅಲ್ಲ. ಅಡುಗೆಮನೆಗೆ ಹೋಗಿ ಕೇಳಿದ ವಿಜ್ಞಾನಿಗಳು ಅಂತ ನಾನು ಅವರಿಗೆ ಕೈ ಮುಗೀತೀನಿ.

1980ರ ದಶಕದ ಶುರುವಲ್ಲಿ ಲೋಕ್ರಾಸ್, ಜಗದೀಶ್ ಮುಂತಾದವರು ಮಾಡಿದ ಆ ಒಲೆಗೆ ಸಾಲಾಗಿ ಮೂರು ಗುಳಿ. ಕೆಳಗೆ ಕಂಬಿ, ಬೂದಿ ಕೆಳಕ್ಕೆ ಬೀಳುತ್ತೆ, ಗಾಳಿ ಅಲ್ಲಿಂದ ಮೇಲಕ್ಕೆ. ಸೌದೆ ಹಾಕೋ ಬಾಯಿಗೆ ಮುಚ್ಚಳ. ಬೆಂಕಿ ಮೊದಲನೇ ಪಾತ್ರೆ ಕಾಯಿಸಿ, ಅದರ ಬಿಸಿ ಗಾಳಿ ಎರಡನೇದು, ಮೂರನೇದು ದಾಟಿ ಕೊಳವೆಯಿಂದ ಸೂರಿನ ಮೇಲಕ್ಕೆ. ಪಾತ್ರೆ ಗುಳಿಯೊಳಕ್ಕೆ ಇಳಿದು ಕೂರೋದ್ರಿಂದ ಮುದ್ದೆಗೂ ಅಲ್ಲಾಡಲ್ಲ. ಪ್ರಯೋಗಶಾಲೇಲಿ ನೂರಕ್ಕೆ 40ರ ಆಸುಪಾಸು ಶಾಖ ಪಾತ್ರೆಗೆ ಸಿಗ್ತಿತ್ತು. ಹಳೇ ಒಲೆಯ ನಾಲ್ಕರಷ್ಟು! ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯವರು ಗಾರೆಯವರಿಗೆ ತರಬೇತಿ ಕೊಟ್ಟು ಜಿಲ್ಲೆ ಜಿಲ್ಲೆಗೂ ಕಟ್ಟಿಸಿದ್ರು. 1983ರಿಂದ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಸೇರ್ಕೊಂತು, ಸಬ್ಸಿಡಿ ಬಂತು.

ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಬೀದೀಲೂ ಕೆಲವು ಮನೆಗೆ ಕಟ್ಟಿದ್ರು, ನಮ್ಮನೆಗೂ. ಮೊದಲ ವರ್ಷ ಅವ್ವ ಬಂದೋರಿಗೆಲ್ಲಾ ಕರ್ಕೊಂಡೋಗಿ ತೋರಿಸೋಳು. ಆಮೇಲೆ ಒಂದೊಂದೇ ಶುರುವಾಯ್ತು. ಬಾಯಿ ಚಿಕ್ಕದು, ಸೌದೆ ಸಣ್ಣಕೆ ಸೀಳಬೇಕು. ನಮಗೆ ಸಿಗೋದೋ ಉದ್ದುದ್ದದ ಗರಿ, ಮಟ್ಟೆ, ತರಗು. ಮುಚ್ಚಳ ಹಾಕೋಕೇ ಆಗಲ್ಲ, ತೆಗೆದಿಟ್ರೆ ಶಾಖವೆಲ್ಲಾ ಹೊರಕ್ಕೆ. ಗುಳಿ ಕಟ್ಟಿದ್ದು ಆಗಿನ ಪಾತ್ರೆ ಅಳತೆಗೆ. ಅಕ್ಕನ ಮದುವೆ ಆದ ಮೇಲೆ ಪಾತ್ರೆ ಚಿಕ್ಕದಾಯ್ತು, ಸುತ್ತ ಸಂದು ಬಿತ್ತು, ಹೊಗೆ ಅಲ್ಲಿಂದ ಬಂತು. ಕೊಳವೇಲಿ ಮಸಿ ಕಟ್ಕೊಂತು. ಕಟ್ಟಿದ ಗಾರೆಯವನು ಬೇರೆ ಊರವನು, ಅವನಿಗೆ ದುಡ್ಡು ಕಟ್ಟಿದ್ದಕ್ಕೆ ಅಷ್ಟೇ, ಆಮೇಲೆ ಬಂದು ನೋಡಿದ್ದಕ್ಕಿಲ್ಲ. ಒಂದಿನ ಅವ್ವನೇ ಮುಂಗೈ ಹಿಡಿಸೋವಷ್ಟು ಬಾಯಿ ಒಡೆದು ಅಗಲ ಮಾಡಿದ್ಲು. ಅಲ್ಲಿಗೆ ಅದು ಮತ್ತೆ ಹಳೇ ಒಲೆ ಆಯ್ತು.

ಇದರಲ್ಲಿ ಒಲೆಯ ವಿಜ್ಞಾನ ಸೋತಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸೌದೆ ಸೀಳೋರು, ಮಸಿ ತೆಗೆಯೋರು ಊರಲ್ಲೇ ಇದ್ದ ಕಡೆ ಅದೇ ಒಲೆ ಚೆನ್ನಾಗೇ ಬಾಳ್ತು. ಕಟ್ಟಿದ ಒಲೆ ಎಷ್ಟು ಅಂತ ಲೆಕ್ಕ ಇಟ್ರೇ ಹೊರತು ಉರೀತಿರೋ ಒಲೆ ಎಷ್ಟು ಅಂತ ಇಡಲಿಲ್ಲ. ಕೇಂದ್ರದ ಕಾರ್ಯಕ್ರಮ 2002ರಲ್ಲಿ ನಿಂತೇಹೋಯ್ತು.

ನಡುವೆ ಗೋಬರ್ ಗ್ಯಾಸ್ ಬಂತು. ಎರಡು ಘನ ಮೀಟರ್ ಗುಂಡಿಗೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಅಂದ್ರೆ ನಾಲ್ಕೈದು ದನ. ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಮನೆಗಳಲ್ಲಿ ಗುಂಡಿ ಖಾಲಿ. ಹಸು ಉಳಿಸ್ಕೊಂಡು ಡೈರಿಗೆ ಹಾಲು ಹಾಕೋರ ಮನೇಲಿ ಇವತ್ತೂ ಉರೀತಿದೆ, ಬಗ್ಗಡ ಗದ್ದೆಗೆ. ಇದರ ಬಗ್ಗೆ ಬೇರೆ ಬರೀತೀನಿ.

ಸೀಮೆಎಣ್ಣೆ ಸ್ಟವ್ ಬಗ್ಗೆ ಬರೆಯೋಕೆ ಮನಸ್ಸು ಬರಲ್ಲ, ಬರೀಲೇಬೇಕು. ಪಂಪ್ ಸ್ಟವ್‌ನಲ್ಲಿ ಎಣ್ಣೆ ಒತ್ತಡದಲ್ಲಿರುತ್ತೆ. ನಾಝಲ್ ಕಟ್ಟಿದಾಗ ಪಿನ್ ಹಾಕ್ತಾ ಬಗ್ಗಿರೋಳ ಸೀರೆ ಸೆರಗು ಅಲ್ಲೇ. ಎಣ್ಣೆಗೆ ಪೆಟ್ರೋಲ್ ಬೆರೆತಿದ್ರೆ ಮುಗೀತು. ಬತ್ತಿ ಸ್ಟವ್ ನಿಧಾನ, ಆದ್ರೆ ಒತ್ತಡ ಇಲ್ಲ, ಅದು ವಾಸಿ. ಆಗ ಪೇಪರ್ ತೆಗೆದ್ರೆ 'ಸ್ಟವ್ ಸಿಡಿದು ಗೃಹಿಣಿ ಸಾವು' ಅಂತ ಇರ್ತಿತ್ತು. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಇಂಥ ಸಾವುಗಳ ಬೆನ್ನು ಹತ್ತಿ, ಎಷ್ಟೋ ಕಡೆ ಸಿಡಿದದ್ದು ಸ್ಟವ್ ಆಗಿರಲಿಲ್ಲ ಅನ್ನೋದನ್ನ ಹೊರಗೆ ತಂದ್ರು. ಸುಟ್ಟೋರು ಮನೆಯವರು, ಹೆಸರು ಸ್ಟವ್‌ಗೆ.

2016ರ ಉಜ್ವಲಾದಲ್ಲಿ ಕನೆಕ್ಷನ್ ಹೆಂಗಸರ ಹೆಸರಿಗೆ ಬಂತು. ಅದು ದೊಡ್ಡ ಮಾತು. ಆದರೆ 2022ರಲ್ಲಿ ಸಿಲಿಂಡರ್ ಸಾವಿರ ದಾಟಿದಾಗ ನಮ್ಮ ಕಡೆ ಎಷ್ಟೋ ಮನೇಲಿ ಗ್ಯಾಸು ಕಾಫಿಗೆ, ಸೌದೆ ಅನ್ನಕ್ಕೆ ಆಯ್ತು. ಇನ್ನೊಂದು ಯಾರೂ ಹೇಳದ ಕಾರಣ ಮುದ್ದೆನೇ. ಗ್ಯಾಸ್ ಸ್ಟವ್ ಕಾಲಿನ ಮೇಲೆ ಪಾತ್ರೆ ಇಟ್ಟು ಕೋಲು ತಿರುವಿದ್ರೆ ಸ್ಟವ್ವೇ ಜಾರುತ್ತೆ, ಪೈಪ್ ಎಳೆಯುತ್ತೆ. ಇದಕ್ಕೆ ಪರಿಹಾರ ಯಾವ ಪ್ರಯೋಗಶಾಲೆಯಿಂದಲೂ ಬರಲಿಲ್ಲ, ವೆಲ್ಡಿಂಗ್ ಅಂಗಡಿಯಿಂದ ಬಂತು. ಪಾತ್ರೆ ಹಿಡಿದು ನಿಲ್ಲಿಸೋ ಕಬ್ಬಿಣದ ಮುದ್ದೆ ಸ್ಟ್ಯಾಂಡ್. ನನ್ನ ಪ್ರಕಾರ ಗ್ಯಾಸು ನಮ್ಮ ಅಡುಗೆಮನೆಗೆ ಪೂರ್ತಿ ಒಳಗೆ ಬಂದಿದ್ದು ಆ ಸ್ಟ್ಯಾಂಡ್ ಬಂದ ಮೇಲೆ.

ನೀರು ಕಾಯಿಸೋದು ಮಾತ್ರ ಇನ್ನೂ ಹೊರಗಿನ ಹಂಡೆ ಒಲೇಲೇ, ತೆಂಗಿನ ಮಟ್ಟೆ ಸುಮ್ನೆ ಬಿದ್ದಿರುತ್ತೆ. ಅದಕ್ಕೂ ಒಂದು ಕೊಳವೆ ಇಡ್ಸಿ, ವರ್ಷಕ್ಕೆರಡು ಸಲ ಮಸಿ ಕೆರೆಸಿ. 2023ರ ಗೃಹಜ್ಯೋತಿ ಆದ ಮೇಲೆ ಕರೆಂಟು ಬಿಟ್ಟಿ ಅಂತ ಎಲ್ಲರೂ ಸಂತೇಲಿ ಹೀಟರ್ ರಾಡ್ ತರ್ತಾವ್ರೆ. ಐಎಸ್ಐ ಗುರುತು ಇಲ್ಲದ್ದು ಬೇಡ. ಮೂರು ಪಿನ್ ಇದ್ದು ಮನೆಗೆ ಅರ್ಥಿಂಗ್ ಇದ್ರೆ ಮಾತ್ರ, ಅದೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಸ್ವಿಚ್ ತೆಗೆದು ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ. ಗ್ಯಾಸ್ ಪೈಪ್ ಐದು ವರ್ಷಕ್ಕೆ ಬದಲಾಯಿಸಿ, ಅದರ ಮೇಲೆ ತಾರೀಕು ಒತ್ತಿರ್ತಾರೆ.

ಮುದ್ದೆ ಸ್ಟ್ಯಾಂಡ್ ಮಾಡ್ಸೋರು ವೆಲ್ಡಿಂಗ್ ಅಂಗಡಿಗೆ ಪಾತ್ರೆನೂ ತಗೊಂಡೋಗಿ, ತಿರುವೋರನ್ನೂ ಕರ್ಕೊಂಡೋಗಿ. ಟೇಪ್ ಹಿಡಿದು ಅಳತೆ ಬರ್ಕೊಂಡೋದ್ರೆ ಎತ್ತರ ಸರಿ ಬರಲ್ಲ.