ಕುಟುಂಬವೈದ್ಯಕ್ಕೆ ವಿದ್ಯಾಪೀಠದಲ್ಲಿ ದೊರೆತ ಆಸನ

ಯಾವ ವಿದ್ಯೆಯೇ ಆಗಲಿ, ಲೋಕದಲ್ಲಿ ನೆಲೆಗೊಳ್ಳಬೇಕಾದರೆ ಅದಕ್ಕೆ ಮೂರು ಅಂಗಗಳು ಬೇಕಾಗುವವು. ಅದನ್ನು ಆಚರಿಸುವವರು ಬೇಕು. ಆಚರಿಸಿ ಕಂಡುದನ್ನು ಬರೆದಿಟ್ಟು ಪರಾಮರ್ಶಿಸುವವರು ಬೇಕು. ಮುಂದಿನವರಿಗೆ ಅದನ್ನು ಕಲಿಸುವ ಆಸನವೊಂದು ಬೇಕು. ಮನೆಮನೆಗೆ ಹೋಗಿ ಅಜ್ಜನಿಂದ ಮೊಮ್ಮಗನ ವರೆಗೆ ಎಲ್ಲರ ಬೇನೆಯನ್ನೂ ನೋಡುವ ಕುಟುಂಬವೈದ್ಯನ ವಿದ್ಯೆಗೆ ಮೊದಲನೆಯ ಅಂಗವು ಅನಾದಿಯಿಂದ ಇದ್ದಿತು. ಎರಡನೆಯದು ಕೆಲವರು ಮಹಾನುಭಾವರಿಂದ ಒದಗಿತು. ಆದರೆ ಮೂರನೆಯದಾದ ಆಸನವು ಪಾಶ್ಚಾತ್ಯ ವಿದ್ಯಾಪೀಠಗಳಲ್ಲಿ ದೊರೆತದ್ದು 1963ನೆಯ ಇಸವಿಯಲ್ಲಿ. ಇಷ್ಟು ತಡವಾಗಲು ಕಾರಣವೇನು, ಆಸನ ದೊರೆತ ಮೇಲೆ ಆ ವಿದ್ಯೆಯು ಯಾವ ಗುರಿಗಳನ್ನು ಇಟ್ಟುಕೊಂಡು ಮುಂದೆ ಸಾಗಿತು, ವರ್ಷದ ಕೊನೆಗೆ ತನ್ನ ಪ್ರಗತಿಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕಾಯಿತು ಎಂಬ ವೃತ್ತಾಂತವು ವೈದ್ಯರಿಗೆ ಮಾತ್ರವೇ ಸಂಬಂಧಪಟ್ಟುದಲ್ಲ. ವೈದ್ಯನನ್ನು ನಂಬಿ ಬಾಳುವ ಪ್ರತಿಯೊಂದು ಮನೆತನಕ್ಕೂ ಸಂಬಂಧಪಟ್ಟುದಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವೈದ್ಯವಿದ್ಯೆಯು ದೊಡ್ಡ ಆಸ್ಪತ್ರೆಗಳಲ್ಲಿ ಬೆಳೆಯಿತು. ರೋಗಾಣುಗಳ ಜ್ಞಾನ, ಶಸ್ತ್ರಕ್ರಿಯೆ, ಪ್ರಯೋಗಶಾಲೆ ಇವೆಲ್ಲವೂ ಆಸ್ಪತ್ರೆಯ ಆವರಣದಲ್ಲಿಯೇ ಪ್ರೌಢಾವಸ್ಥೆಗೆ ಬಂದವು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣಜ್ಞರು ಅಮೇರಿಕ ಹಾಗೂ ಕೆನಡಾ ದೇಶಗಳ 155 ವೈದ್ಯಶಾಲೆಗಳನ್ನು ಪರೀಕ್ಷಿಸಿ, ಅವುಗಳ ದುರವಸ್ಥೆಯನ್ನು ಬಯಲಿಗೆಳೆದು ವರದಿಯನ್ನು ಪ್ರಕಟಿಸಿದರು. ಅದರಿಂದ ವೈದ್ಯಶಿಕ್ಷಣಕ್ಕೆ ಶಾಸ್ತ್ರೀಯವಾದ ತಳಹದಿಯು ದೊರೆಯಿತೆಂಬದು ನಿರ್ವಿವಾದ. ಆದರೆ ಒಂದು ಕೊರತೆಯೂ ಅದರೊಡನೆ ಬೆಳೆಯಿತು. ಕಣ್ಣಿಗೊಬ್ಬ, ಕಿವಿಗೊಬ್ಬ, ಹೃದಯಕ್ಕೊಬ್ಬ ಎಂದು ಪಂಡಿತರು ಹೆಚ್ಚಿದಂತೆ, ಇಡಿಯ ಮನುಷ್ಯನನ್ನು ಬಲ್ಲ ಮನೆಯ ವೈದ್ಯನು ವಿದ್ಯಾಪೀಠದ ದೃಷ್ಟಿಯಲ್ಲಿ ಅಲ್ಪಜ್ಞನೆನಿಸಿದನು. ಬೇರೆ ಯಾವದೂ ಸಾಧಿಸದವರು ಹಿಡಿಯುವ ದಾರಿಯೆಂದು ವಿದ್ಯಾರ್ಥಿಗಳು ಆ ವೃತ್ತಿಯನ್ನು ಎಣಿಸುವ ಕಾಲ ಬಂದಿತು.

ಹೀಗಿರಲು, ಮನೆಯ ವೈದ್ಯನ ಅನುಭವದಲ್ಲಿಯೂ ಶಾಸ್ತ್ರವು ಅಡಗಿದೆಯೆಂದು ತೋರಿಸಿದವರಲ್ಲಿ ಅಗ್ರಗಣ್ಯರು ಸರ್ ಜೇಮ್ಸ್ ಮ್ಯಾಕೆಂಜಿಯವರು. 1853ರಲ್ಲಿ ಸ್ಕಾಟ್ಲಂಡಿನಲ್ಲಿ ಜನಿಸಿ, ಎಡಿನ್‌ಬರೋ ವಿದ್ಯಾಪೀಠದಲ್ಲಿ ಕಲಿತು, ಇವರು ಲ್ಯಾಂಕಶೈರ್ ಪ್ರಾಂತದ ಬರ್ನ್ಲಿ ಎಂಬ ಗಿರಣಿಗಳ ಊರಿನಲ್ಲಿ 1879ರಿಂದ ಕಾಲು ಶತಮಾನಕ್ಕೂ ಮಿಕ್ಕಿ ವೈದ್ಯವೃತ್ತಿಯನ್ನು ನಡೆಸಿದರು. ಹೃದ್ರೋಗವುಳ್ಳ ಒಬ್ಬ ಬಸುರಿ ಹೆಂಗಸು ಹೆರಿಗೆಯ ಕಾಲದಲ್ಲಿ ಅವರ ಕಣ್ಣೆದುರಿಗೇ ತೀರಿಕೊಂಡಳು. ಯಾವ ಹೃದಯವು ಭಾರವನ್ನು ತಾಳೀತು, ಯಾವದು ತಾಳಲಾರದು ಎಂಬದನ್ನು ಮೊದಲೇ ಅರಿಯುವ ಬಗೆಯು ಗ್ರಂಥಗಳಲ್ಲಿ ಇರಲಿಲ್ಲ. ಆ ದುಃಖವೇ ಅವರಿಗೆ ಗುರುವಾಯಿತು. ನಾಡಿಯ ಚಲನೆಯನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರವನ್ನು ಒಬ್ಬ ಗಡಿಯಾರದ ಕುಶಲಿಯ ನೆರವಿನಿಂದ ಸಿದ್ಧಪಡಿಸಿ, ಬಡಿತ ತಪ್ಪುವ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಅವರ ಸ್ಥಿತಿಯನ್ನು ಬರೆದಿಟ್ಟರು. ನಾಡಿಯ ಎಲ್ಲ ತಪ್ಪುಬಡಿತಗಳೂ ಮೃತ್ಯುಸೂಚಕಗಳಲ್ಲ, ಅನೇಕವು ನಿರಪಾಯವಾದವುಗಳೇ ಎಂಬ ಸತ್ಯವು ಹೀಗೆ ಹೊರಬಿದ್ದಿತು. ಹೃದಯವು ಕೆಟ್ಟಿತೆಂದು ಹೆದರಿ ಹಾಸಿಗೆ ಹಿಡಿದ ಎಷ್ಟೋ ಜನರಿಗೆ ಅದು ಮರಳಿ ಬಾಳನ್ನು ಕೊಟ್ಟಿತು. ಆಸ್ಪತ್ರೆಯ ಪಂಡಿತನು ರೋಗಿಯನ್ನು ಕೆಲವು ದಿನ ಮಾತ್ರ ಕಾಣುವನು. ಆದಕಾರಣ ಈ ಜ್ಞಾನವು ಅವನಿಗೆ ಸುಲಭವಾಗಿ ದಕ್ಕುವಂಥದಾಗಿರಲಿಲ್ಲ. ಇದು ದೀರ್ಘಕಾಲದ ಪರಿಚಯದಿಂದಲೇ ಹುಟ್ಟಿದ ಜ್ಞಾನ.

ಇದೇ ಮಾರ್ಗದಲ್ಲಿ ನಡೆದ ಇನ್ನೊಬ್ಬರು ಯಾರ್ಕ್‌ಶೈರಿನ ಐಸ್‌ಗಾರ್ತ್ ಗ್ರಾಮದ ವೈದ್ಯರಾದ ವಿಲಿಯಂ ಪಿಕಲ್ಸ್ ಅವರು. 1929ರಲ್ಲಿ ಆ ಕಣಿವೆಯ ಹಳ್ಳಿಗಳಲ್ಲಿ ಕಾಮಾಲೆಯು ಹರಡಿತು. ಮುಂಜಾನೆ ಹಾಸಿಗೆಯಲ್ಲಿ ಬೇನೆಯಿಂದ ಮಲಗಿದ್ದ ಒಬ್ಬ ಹುಡುಗಿಯು ಅದೇ ದಿನ ಎದ್ದು ಊರ ಉತ್ಸವಕ್ಕೆ ಹೋಗಿದ್ದಳೆಂಬದು ಪಿಕಲ್ಸರಿಗೆ ತಿಳಿದಿತ್ತು. ಸುಮಾರು ಒಂದು ತಿಂಗಳ ಮೇಲೆ ಆ ಉತ್ಸವದಲ್ಲಿ ಅವಳ ಸಂಪರ್ಕಕ್ಕೆ ಬಂದಿದ್ದ ಹಲವರು ಹಾಸಿಗೆ ಹಿಡಿದರು. ಯಾರು ಯಾರ ಮನೆಗೆ ಹೋಗುವರು, ಯಾರು ಯಾರಿಗೆ ಬೇಕಾದವರು ಎಂಬದನ್ನು ಬಲ್ಲ ಹಳ್ಳಿಯ ವೈದ್ಯನಿಗೆ ಮಾತ್ರ ಆ ರೋಗವು ದೇಹದಲ್ಲಿ ಅಡಗಿರುವ ಅವಧಿಯನ್ನು ಹೀಗೆ ಕಂಡುಹಿಡಿಯಲು ಸಾಧ್ಯವಾಯಿತು. 1939ರಲ್ಲಿ ಪ್ರಕಟವಾದ ಅವರ ಗ್ರಂಥವು ಹಳ್ಳಿಯ ದವಾಖಾನೆಯೂ ಸಂಶೋಧನೆಯ ಕ್ಷೇತ್ರವೆಂಬದನ್ನು ಸ್ಥಾಪಿಸಿತು.

ಆದರೆ ಒಬ್ಬಿಬ್ಬರ ಪ್ರತಿಭೆಯಿಂದ ಸಂಪ್ರದಾಯವು ನಿಲ್ಲದು. 1948ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯಸೇವೆಯು ಆರಂಭವಾಗಿ, ಪ್ರತಿಯೊಬ್ಬ ಪ್ರಜೆಯ ಹೆಸರೂ ಒಬ್ಬ ಮನೆಯ ವೈದ್ಯನ ಪಟ್ಟಿಯಲ್ಲಿ ಸೇರುವ ವ್ಯವಸ್ಥೆಯಾಯಿತು. ಎರಡು ವರ್ಷಗಳ ತರುವಾಯ ಜೋಸೆಫ್ ಕಾಲಿಂಗ್ಸ್ ಎಂಬ ವೈದ್ಯರು ಅನೇಕ ದವಾಖಾನೆಗಳನ್ನು ಸುತ್ತಿ ನೋಡಿ, ಕೆಲವು ಕಡೆಗೆ ಪರೀಕ್ಷೆ ಮಾಡಲು ಹಾಸಿಗೆ ಸಹ ಸರಿಯಾಗಿಲ್ಲದ ದುಃಸ್ಥಿತಿಯನ್ನು ಬರೆದರು. ಆ ಬರಹವು ಅನೇಕರನ್ನು ನೋಯಿಸಿತು, ನೋಯಿಸಿದ್ದರಿಂದಲೇ ಎಚ್ಚರಿಸಿತು. 1952ರಲ್ಲಿ ಮನೆಯ ವೈದ್ಯರು ತಮ್ಮದೇ ಆದ ಕಾಲೇಜೆಂಬ ಸಂಘವನ್ನು ಸ್ಥಾಪಿಸಿದರು. ಅದರ ಮೊದಲನೆಯ ಅಧ್ಯಕ್ಷತೆಯು ಹಳ್ಳಿಯ ವೈದ್ಯರಾದ ಪಿಕಲ್ಸರಿಗೇ ಸಂದಿತು.

ಇತ್ತ ಎಡಿನ್‌ಬರೋ ನಗರದಲ್ಲಿ ಬಡವರಿಗಾಗಿ 1776ರಲ್ಲಿ ಆಂಡ್ರೂ ಡಂಕನ್ ಎಂಬ ವೈದ್ಯರು ತೆರೆದಿದ್ದ ಧರ್ಮಾರ್ಥ ಔಷಧಾಲಯವೊಂದಿತ್ತು. 1948ರಲ್ಲಿ ಅದನ್ನು ಆಧರಿಸಿ ರಿಚರ್ಡ್ ಸ್ಕಾಟ್ ಅವರ ಮುಂದಾಳುತನದಲ್ಲಿ ವಿದ್ಯಾಪೀಠದ ಬೋಧನಾಶಾಖೆಯೊಂದು ಆರಂಭವಾಯಿತು. ವಿದ್ಯಾರ್ಥಿಗಳು ಅಲ್ಲಿ ರೋಗಿಯನ್ನು ಅವನ ಮನೆ, ಅವನ ಉದ್ಯೋಗ, ಅವನ ಮನೆಮಂದಿ ಇವುಗಳೊಡನೆ ಕೂಡಿಸಿ ನೋಡಲು ಕಲಿತರು. ಹದಿನೈದು ವರ್ಷಗಳ ಸಾಧನೆಯ ತರುವಾಯ, 1963ರಲ್ಲಿ, ಅದೇ ವಿದ್ಯಾಪೀಠದಲ್ಲಿ ಈ ವಿದ್ಯೆಗಾಗಿ ಜಗತ್ತಿನಲ್ಲಿಯೇ ಮೊದಲನೆಯ ಪ್ರಾಧ್ಯಾಪಕಪೀಠವು ಸ್ಥಾಪಿತವಾಗಿ, ಸ್ಕಾಟರು ಅದನ್ನು ಅಲಂಕರಿಸಿದರು. ಆ ಪೀಠವು ಜೇಮ್ಸ್ ಮ್ಯಾಕೆಂಜಿಯವರ ಹೆಸರನ್ನು ಹೊತ್ತಿತು.

ಆಸನವು ಏಕೆ ಬೇಕಾಗಿತ್ತೆಂಬದಕ್ಕೆ 1961ರಲ್ಲಿ ಕೆರ್ ವೈಟ್ ಮತ್ತು ಅವರ ಸಹಕಾರಿಗಳು ಪ್ರಕಟಿಸಿದ ಒಂದು ಲೆಕ್ಕವೇ ಸಾಕ್ಷಿ. ಪ್ರಾಪ್ತವಯಸ್ಕರಾದ 1000 ಜನರನ್ನು ಒಂದು ತಿಂಗಳ ಕಾಲ ಗಮನಿಸಿದರೆ, ಅವರಲ್ಲಿ 750 ಜನರಿಗೆ ಏನಾದರೊಂದು ಬೇನೆ ಕಾಣಿಸುವದು. 250 ಜನರು ವೈದ್ಯನ ಬಳಿಗೆ ಹೋಗುವರು. 9 ಜನರು ಆಸ್ಪತ್ರೆಯನ್ನು ಸೇರುವರು. ವಿದ್ಯಾಪೀಠದ ದೊಡ್ಡ ಆಸ್ಪತ್ರೆಯ ವರೆಗೆ ಹೋಗುವವನು ಒಬ್ಬನೇ ಒಬ್ಬನು. ವೈದ್ಯವಿದ್ಯಾರ್ಥಿಗೆ ವರ್ಷಾನುಗಟ್ಟಲೆ ಪಾಠವಾಗುತ್ತಿದ್ದುದು ಆ ಒಬ್ಬನ ಹಾಸಿಗೆಯ ಬಳಿಯಲ್ಲಿ! ಉಳಿದವರ ನೋವು, ಅವರ ಅಂಜಿಕೆ, ಅವರ ಮನೆಯ ತಾಪತ್ರಯ ಇವು ಪಾಠದ ಹೊರಗೇ ಉಳಿದಿದ್ದವು.

ಈ ಕೊರತೆಯನ್ನು ನೀಗಲು ಸ್ಥಾಪಿತವಾದ ವಿಭಾಗಗಳಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಲಂಡನ್ ನಗರದಲ್ಲಿರುವ ವೆಸ್ಟರ್ನ್ ವಿದ್ಯಾಪೀಠದ್ದು ಲಕ್ಷಿಸತಕ್ಕದ್ದು. ಅದರ ಪ್ರಥಮ ಪ್ರಾಧ್ಯಾಪಕರಾಗಿ 1968ರಲ್ಲಿ ಬಂದವರು ಇಯಾನ್ ಮ್ಯಾಕ್‌ವಿನ್ನಿ. ಮ್ಯಾಕೆಂಜಿಯವರು ಬಾಳಿ ದುಡಿದ ಬರ್ನ್ಲಿ ಊರಿನಲ್ಲಿಯೇ ಇವರು 1926ರಲ್ಲಿ ಜನಿಸಿದ್ದರೆಂಬದು ಒಂದು ಸೋಜಿಗ. ಇಂಗ್ಲಂಡದಲ್ಲಿ ಹದಿನಾಲ್ಕು ವರ್ಷ ಮನೆಯ ವೈದ್ಯರಾಗಿದ್ದ ಅನುಭವವೇ ಅವರ ಬಂಡವಾಳ. ಅವರು ಮತ್ತು ಅವರ ಸಹೋದ್ಯೋಗಿಗಳು ನೆಲೆಗೊಳಿಸಿದ ಧ್ಯೇಯಗಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು: ಕುಟುಂಬವೈದ್ಯನು ಚಿಕಿತ್ಸೆಯಲ್ಲಿ ಕುಶಲನಾಗಿರಬೇಕು, ಅವನ ವಿದ್ಯೆಯು ಜನರ ನಡುವೆ ಬೇರು ಬಿಟ್ಟಿರಬೇಕು, ತನ್ನ ಬಳಿಗೆ ಬಂದವರಿಗಷ್ಟೇ ಅಲ್ಲದೆ ಬಾರದೆ ಉಳಿದವರಿಗೂ ಅವನು ಹೊಣೆಗಾರನಾಗಿರಬೇಕು, ರೋಗಿ ಮತ್ತು ವೈದ್ಯರ ಸಂಬಂಧವೇ ಎಲ್ಲಕ್ಕೂ ಮೂಲವಾಗಿರಬೇಕು. ಕೆನಡಾದ ಕುಟುಂಬವೈದ್ಯರ ಸಂಘವೂ ಇವೇ ನಾಲ್ಕನ್ನು ತನ್ನ ಮೂಲತತ್ತ್ವಗಳೆಂದು ಅಂಗೀಕರಿಸಿತು.

ಧ್ಯೇಯಗಳನ್ನು ಹೇಳುವದು ಸುಲಭ; ಪರೀಕ್ಷಿಸುವದು ಕಷ್ಟ. ಆ ವಿಭಾಗವು ಪರೀಕ್ಷೆಗೂ ಹಿಂಜರಿಯಲಿಲ್ಲ. ದಕ್ಷಿಣ ಆಫ್ರಿಕೆಯ ಜೋಸೆಫ್ ಲೆವೆನ್‌ಸ್ಟೈನ್ ಎಂಬ ವೈದ್ಯರು ರೋಗಿಗಳೊಡನೆ ತಾವು ಆಡಿದ ಮಾತುಗಳನ್ನು ಧ್ವನಿಮುದ್ರಿಸಿ, ರೋಗಿಯು ಹೇಳಬಯಸಿದ್ದಕ್ಕೆ ತಾವು ಎಲ್ಲಿ ಕಿವಿಗೊಟ್ಟೆವು, ಎಲ್ಲಿ ಕಿವಿಗೊಡಲಿಲ್ಲ ಎಂಬದನ್ನು ಶೋಧಿಸಿದ್ದರು. ಅವರು 1980ರ ದಶಕದ ಆರಂಭದಲ್ಲಿ ಈ ವಿಭಾಗಕ್ಕೆ ಬಂದ ಮೇಲೆ, ರೋಗವನ್ನು ಮಾತ್ರವಲ್ಲದೆ ರೋಗಿಯ ಅನುಭವವನ್ನೂ ಅರಿಯುವ ಪದ್ಧತಿಯು ಶಾಸ್ತ್ರೀಯ ರೂಪವನ್ನು ತಾಳಿತು. 1986ರಲ್ಲಿ ಪ್ರಕಟವಾದ ತಲೆನೋವಿನ ಸಂಶೋಧನೆಯು ಇದಕ್ಕೆ ಒಳ್ಳೆಯ ನಿದರ್ಶನ. ಹೊಸದಾಗಿ ತಲೆನೋವೆಂದು ಬಂದವರನ್ನು ಆ ವಿದ್ಯಾಪೀಠದವರು ಒಂದು ವರ್ಷದ ವರೆಗೆ ಗಮನಿಸಿದರು. ವರ್ಷದ ಕೊನೆಗೆ ಯಾರ ನೋವು ನೀಗಿತೆಂಬದಕ್ಕೂ, ಮೊದಲನೆಯ ಭೆಟ್ಟಿಯಲ್ಲಿಯೇ ತನ್ನ ಸಂಕಟವನ್ನು ವೈದ್ಯನ ಮುಂದೆ ಪೂರ್ಣವಾಗಿ ಹೇಳಿಕೊಂಡೆನೆಂಬ ರೋಗಿಯ ಸಮಾಧಾನಕ್ಕೂ ನಿಕಟವಾದ ಸಂಬಂಧವು ಕಂಡುಬಂದಿತು. ಕೇಳುವ ಕಿವಿಯೂ ಒಂದು ಔಷಧವೆಂದು ಹಿರಿಯರು ನಂಬಿದ್ದುದಕ್ಕೆ ಇಲ್ಲಿ ಲೆಕ್ಕದ ಆಧಾರವು ಒದಗಿತು.

ಇಂಥ ವಿಭಾಗವು ಪ್ರತಿವರ್ಷವೂ ತನ್ನ ಪ್ರಗತಿಯನ್ನು ವಿದ್ಯಾಪೀಠಕ್ಕೆ ನಿವೇದಿಸಬೇಕಾಗುವದು. ಎಷ್ಟು ವಿದ್ಯಾರ್ಥಿಗಳು ಕಲಿತರು, ಎಷ್ಟು ಪ್ರಬಂಧಗಳು ಪ್ರಕಟವಾದವು, ಎಷ್ಟು ಧನವು ದೊರೆಯಿತು ಎಂಬ ಅಂಕಿಗಳು ಅದರಲ್ಲಿ ಇರಲೇಬೇಕು. ಅಂಕಿಯಿಲ್ಲದ ವಿದ್ಯೆಗೆ ವಿದ್ಯಾಪೀಠದಲ್ಲಿ ಮನ್ನಣೆಯಿಲ್ಲ. ಆದರೆ ಅಷ್ಟನ್ನೇ ಎಣಿಸುತ್ತ ಹೋದರೆ, ಯಾವ ಕೊರತೆಯನ್ನು ನೀಗಲೆಂದು ಆಸನವನ್ನು ಬೇಡಿದರೋ ಅದೇ ಕೊರತೆಯು ಆಸನದ ಕೆಳಗೇ ಬಂದು ಕುಳಿತೀತು. ಕಲಿತವರು ಎಲ್ಲಿ ನೆಲೆಸಿದರು, ವೈದ್ಯರಿಲ್ಲದ ಊರಿಗೆ ಎಷ್ಟು ಜನ ಹೋದರು, ಅದೇ ಮನೆತನವು ಅದೇ ವೈದ್ಯನ ಬಳಿಯಲ್ಲಿ ಮುಂದುವರಿಯಿತೋ ಇಲ್ಲವೋ ಎಂಬ ಪ್ರಶ್ನೆಗಳಿಗೂ ವರದಿಯಲ್ಲಿ ಸ್ಥಳ ಬೇಕು. ಈ ವಿಷಯದಲ್ಲಿ ಅಮೇರಿಕದ ಕುಟುಂಬವೈದ್ಯರು ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು. 1969ರಲ್ಲಿ ಅವರ ವಿದ್ಯೆಯು ವಿಶೇಷಶಾಸ್ತ್ರವೆಂದು ಮಾನ್ಯವಾದಾಗ, ಒಮ್ಮೆ ಪರೀಕ್ಷೆಯಲ್ಲಿ ಗೆದ್ದವನು ಆಜೀವ ಪಂಡಿತನೆಂಬ ರೂಢಿಯನ್ನು ಬಿಟ್ಟು, ನಿಯತಕಾಲಕ್ಕೊಮ್ಮೆ ಮರಳಿ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮವನ್ನು ತಮಗೆ ತಾವೇ ವಿಧಿಸಿಕೊಂಡರು.

ಒಂದು ವರ್ಷದ ಫಲವು ಎಷ್ಟರದು, ಹಲವು ವರ್ಷಗಳ ಫಲವು ಎಷ್ಟರದು ಎಂಬದನ್ನು ನಾರ್ವೆ ದೇಶದವರು 2022ರಲ್ಲಿ ಅಚ್ಚಾದ ಒಂದು ಸಂಶೋಧನೆಯಲ್ಲಿ ತೋರಿಸಿದರು. ನಲವತ್ತೈದು ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಲಾಗಿ, ಒಬ್ಬನೇ ವೈದ್ಯನ ಬಳಿಯಲ್ಲಿ ಹದಿನೈದು ವರ್ಷಗಳಿಗೂ ಮಿಕ್ಕಿ ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗಿಂತ, ಮರಣವು ಸುಮಾರು ಕಾಲುಪಾಲು ಕಡಿಮೆಯಾಗಿಯೂ, ತುರ್ತಾಗಿ ಆಸ್ಪತ್ರೆ ಸೇರುವ ಪ್ರಸಂಗಗಳು ಅದಕ್ಕೂ ತುಸು ಹೆಚ್ಚು ಕಡಿಮೆಯಾಗಿಯೂ ಕಂಡುಬಂದವು. ಒಂದರಿಂದಲೇ ಇನ್ನೊಂದಾಯಿತೆಂದು ಇಂಥ ಲೆಕ್ಕವು ತಾನೊಂದೇ ಸಿದ್ಧಪಡಿಸಲಾರದು. ಆದರೂ ವರ್ಷ ಹೆಚ್ಚಿದಂತೆ ಲಾಭವೂ ಹೆಚ್ಚುತ್ತ ಹೋದುದು ವಿಚಾರವಂತರ ಲಕ್ಷ್ಯವನ್ನು ಸೆಳೆಯದೆ ಇರದು.

ಭರತಖಂಡದಲ್ಲಿಯೂ ಈ ವಿಚಾರವು ಹೊಸದಲ್ಲ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು 1946ರ ತನ್ನ ವರದಿಯಲ್ಲಿ, ವೈದ್ಯನಾಗುವವನು ಸಮಾಜವನ್ನು ಅರಿತವನಾಗಿರಬೇಕೆಂದೂ ಅದಕ್ಕಾಗಿ ಮೂರು ತಿಂಗಳ ವಿಶೇಷ ಶಿಕ್ಷಣವು ಬೇಕೆಂದೂ ಸೂಚಿಸಿತ್ತು. ಮುಂದೆ ಕುಟುಂಬವೈದ್ಯದಲ್ಲಿ ಉನ್ನತ ಪರೀಕ್ಷೆಯೂ ಏರ್ಪಟ್ಟಿತು. ಆದರೂ ಹೆಚ್ಚಿನ ವೈದ್ಯಕಾಲೇಜುಗಳಲ್ಲಿ ಈ ವಿದ್ಯೆಗೆ ಪ್ರತ್ಯೇಕವಾದ ಆಸನವಿಲ್ಲ. 2021-22ರ ತಂಡದಿಂದ ಆರಂಭವಾಗಿ, ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ತನ್ನವೆಂದು ಸ್ವೀಕರಿಸಿ, ವ್ಯಾಸಂಗದ ವರ್ಷಗಳಲ್ಲಿ ಅವುಗಳ ಯೋಗಕ್ಷೇಮವನ್ನು ವಿಚಾರಿಸುತ್ತಿರಬೇಕೆಂಬ ನಿಯಮವು ದೇಶದ ಎಲ್ಲ ಕಾಲೇಜುಗಳಿಗೂ, ಅವುಗಳೊಡನೆ ಕರ್ನಾಟಕದ ಕಾಲೇಜುಗಳಿಗೂ, ಅನ್ವಯಿಸಿದೆ. ಇದು ಶುಭಾರಂಭವೆಂಬದರಲ್ಲಿ ಸಂದೇಹವಿಲ್ಲ. ಆದರೆ ಹಾಜರಿಯ ಪುಸ್ತಕದಲ್ಲಿ ಸಹಿ ಬೀಳುವದಕ್ಕಾಗಿ ಮಾತ್ರ ವಿದ್ಯಾರ್ಥಿಯು ಹಳ್ಳಿಯ ಹೊಸ್ತಿಲನ್ನು ತುಳಿದರೆ, ನಿಯಮವು ಉಳಿದೀತು, ವಿದ್ಯೆಯು ಉಳಿಯಲಾರದು.

ತೆಂಗಿನ ಸಸಿಯನ್ನು ನೆಟ್ಟವನು ವರ್ಷಕ್ಕೊಮ್ಮೆ ಅದಕ್ಕೆ ಗೊಬ್ಬರವನ್ನು ಹಾಕುವನು. ಆದರೆ ವರ್ಷಕ್ಕೊಮ್ಮೆ ಅದರಿಂದ ಕಾಯಿಯನ್ನು ಬೇಡಿ ಬೇಸರಗೊಳ್ಳನು. ಕುಟುಂಬವೈದ್ಯದ ಆಸನವೂ ಅದರಂತೆಯೇ. ಬರ್ನ್ಲಿಯಲ್ಲಿ ಸತ್ತ ಆ ಬಸುರಿಗೆ ನ್ಯಾಯವನ್ನು ದೊರಕಿಸಿದ್ದು, ಒಬ್ಬ ವೈದ್ಯನು ಒಂದೇ ಊರಿನಲ್ಲಿ ನಿಂತು, ಅವೇ ಮನೆಗಳ ಬಾಗಿಲನ್ನು ವರ್ಷ ವರ್ಷವೂ ತಟ್ಟಿ, ಕಂಡುದನ್ನು ಮರೆಯದೆ ಬರೆದಿಟ್ಟ ತಾಳ್ಮೆ. ಆ ತಾಳ್ಮೆಯನ್ನು ಶಿಷ್ಯರಿಗೆ ಕೈದಾಟಿಸಿದ ವರ್ಷವೇ ಇಂಥ ಆಸನಕ್ಕೆ ಸಾರ್ಥಕವಾದ ವರ್ಷ.