ಕ್ಯಾಸೆಟ್ ಅಂಗಡಿಯ ಹುಡುಗ ಬರೆದಿಟ್ಟ ಹೆಸರುಗಳು

ಇಕ್ಕೇರಿ ಎಂದೊಡನೆ ನಮಗೆ ನೆನಪಾಗುವುದು ಕೆಳದಿಯ ಅರಸರು ಮತ್ತು ಅಘೋರೇಶ್ವರ ದೇವಾಲಯ. ಇದೇ ಸೀಮೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪೇಟೆಬೀದಿಯಲ್ಲಿ ನಿಂತು ಮನೆಮನೆಗೆ ಹಾಡು ಹಂಚಿದ ಕ್ಯಾಸೆಟ್ ಅಂಗಡಿಯ ಹುಡುಗರನ್ನು ಚರಿತ್ರೆಯ ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಗ್ರಾಮಫೋನ್ ಉಳ್ಳವರ ಮನೆಯ ಸೊತ್ತಾಗಿತ್ತು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಕ್ಯಾಸೆಟ್ ಬಡವರ ಮನೆಗೂ ಸಂಗೀತವನ್ನು ತಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ನಿಸಾರ್ ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಹೇಳಿದವರು. ಆ ಶೀರ್ಷಿಕೆ ಗೀತೆ ತೊಡಗುವುದೇ ಸಾಗರ ತಾಲೂಕಿನ ಜೋಗದಿಂದ.

ಅದೇ ಕಾಲದ 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು ಹೊಸನಗರ ತಾಲೂಕಿನ ನಗರದಲ್ಲಿ. ವೃತ್ತಿಯಿಂದ ವಕೀಲರಾಗಿದ್ದ ಅವರು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕುವೆಂಪು ಅವರನ್ನೂ ಹಾಡಿದರು, ಶಿಶುನಾಳ ಶರೀಫರನ್ನೂ ಹಾಡಿದರು. ಹೀಗೆ ಮೂರು ತಾಲೂಕುಗಳೂ ಒಂದೇ ಅಂಗಡಿಯ ಹಲಗೆಯ ಮೇಲೆ ಬಂದು ಕೂತವು.

ಆ ಹಲಗೆಯಲ್ಲಿ ಭಜನೆಯ ಪಕ್ಕದಲ್ಲೇ ಕವ್ವಾಲಿ, ಅದರಾಚೆ ಯಕ್ಷಗಾನದ ಪ್ರಸಂಗ. ಯಾವ ಮನೆಗೆ ಯಾವುದು ಬೇಕೆಂದು ಅಂಗಡಿಯ ಹುಡುಗನಿಗೆ ಗೊತ್ತಿರುತ್ತಿತ್ತು. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ, ಬದಿಗೆ ಅರ್ಧ ಗಂಟೆಯಂತೆ, ಅಳೆದು ತುಂಬಿಸುವುದು ಅವನ ಕಸುಬು. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತುವುದು, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದದ್ದನ್ನು ಒರೆಸುವುದು ಕೂಡ ಅವನ ಪಾಲಿಗೇ. ಕೊನೆಗೆ ಚೀಟಿಯ ಮೇಲೆ ಹಾಡು, ಗಾಯಕರು, ಕೆಲವೊಮ್ಮೆ ಕವಿಯ ಹೆಸರನ್ನೂ ತನ್ನ ಕೈಬರಹದಲ್ಲಿ ಬರೆದುಕೊಡುತ್ತಿದ್ದ.

ಈ ಹೆಸರು ಬರೆಯುವ ಕೆಲಸ ಸಣ್ಣದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಧ್ವನಿಮುದ್ರಣ ಮಾಡಿದ ಗೌಹರ್ ಜಾನ್ ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಆ ಮಹಾನ್ ಗಾಯಕಿ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ದನಿಯೊಂದಿಗೆ ಹೆಸರೂ ಉಳಿದುಬಂತು.

ಸಿ.ಡಿ. ಬಂತು, ಬಳಿಕ ಮೊಬೈಲ್ ಬಂತು; ಕ್ಯಾಸೆಟ್ ಅಂಗಡಿಗಳು ಮುಚ್ಚಿದವು. 2020ರಲ್ಲಿ ನಿಸಾರ್, 2022ರಲ್ಲಿ ಸುಬ್ಬಣ್ಣ ನಮ್ಮನ್ನಗಲಿದರು. ಹಾಡುಗಳು ಉಳಿದಿವೆ, ಹಿಂದಿಗಿಂತ ಸುಲಭವಾಗಿ ಸಿಗುತ್ತಿವೆ. ಆದರೆ ಒಬ್ಬರ ಮೊಬೈಲಿನಿಂದ ಇನ್ನೊಬ್ಬರದಕ್ಕೆ ಹಾರುವಾಗ ಎಷ್ಟೋ ಸಲ ಕವಿಯ ಹೆಸರು ಉದುರಿಹೋಗುತ್ತದೆ. ಶಾಲೆಯಲ್ಲಿ 'ನಿತ್ಯೋತ್ಸವ' ಹಾಡುವ ಮಗುವಿಗೆ ಅದನ್ನು ಬರೆದವರು ಯಾರೆಂದು ಗೊತ್ತಿರಬೇಡವೇ? ಯಾರು ಈ ನಾಡಿನವರು, ಯಾರು ಹೊರಗಿನವರು ಎಂಬ ಪ್ರಶ್ನೆ ಏಳುವಾಗಲೆಲ್ಲ ಆ ಹೆಸರೇ ಅದಕ್ಕೆ ಉತ್ತರ. ಅಂಗಡಿಯ ಹುಡುಗ ಅದನ್ನು ಬರೆದುಕೊಡುತ್ತಿದ್ದ. ಇನ್ನು ಮುಂದೆ ಹೇಳಿಕೊಡಬೇಕಾದವರು ನಾವು.